ಹಲಸಿನ ಹಣ್ಣಿಗೂ ಸೀಟ್ ಬೆಲ್ಟ್

"ಈ ಗಾಡಿಯನ್ನ ತುಮಕೂರಿಗೇ ನಂಬರ್ ಒನ್ ಸೇಫ್ ಗಾಡಿ ಮಾಡ್ಲಿಲ್ಲ ಅಂದ್ರೆ ನನ್ನ ಹೆಸರು ಶಿವಮೂರ್ತಿನೇ ಅಲ್ಲ!" ಎಂದು ಮನೆಯ ಮುಂದೆ ನಿಂತು ಘೋಷಿಸಿದೆ. ಗಾಡಿ ಎಂದರೆ ಗುಬ್ಬಿಯ ನಮ್ಮ ಮಾವನವರು ಬಿಟ್ಟುಹೋದ ಅಂಬಾಸಿಡರ್. ನನಗಿಂತ ಎರಡೇ ವರ್ಷ ಚಿಕ್ಕದು. ಬೆಳಿಗ್ಗೆ ಎದ್ದರೆ ಇಬ್ಬರಿಗೂ ಕೆಮ್ಮು.

"ಮೊದ್ಲು ನಿಮ್ಮ ಬಿ.ಪಿ. ಸರಿ ಮಾಡ್ಕೊಳ್ರೀ" ಎಂದಳು ಹೆಂಡತಿ ವನಜಾಕ್ಷಿ.

ಕೇಳುವ ಜಾಯಮಾನವೇ ನನ್ನದು? ಮೆಕ್ಯಾನಿಕ್ ಖಲೀಲುಲ್ಲಾ ಕೈಯಲ್ಲಿ ಡಿಸ್ಕ್ ಬ್ರೇಕ್, ಹೊಸ ಹೆಡ್‌ಲೈಟ್, ಎಲ್ಲ ಸೀಟಿಗೂ ಬೆಲ್ಟ್ ಹಾಕಿಸಿದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನೆಂಥ ಸುಧಾರಕ! ಸೀಟಿನ ಮೇಲೆ ಭಾರವಿದ್ದು ಬೆಲ್ಟ್ ಹಾಕದಿದ್ದರೆ ಇಂಜಿನ್ನೇ ನಿಲ್ಲಬೇಕು ಎಂದೆ.

"ಬ್ಯಾಡ ಸಾರ್, ಕುಂಯ್ ಅಂತ ಸದ್ದು ಬಂದ್ರೆ ಸಾಕು. ರೋಡ್ ಮಧ್ಯ ನಿಂತ್ರೆ ಹಿಂದಿನ್ ಲಾರಿಯೋನು ಸುಮ್ನಿರ್ತಾನಾ?"

"ಶಿಸ್ತು ಅಂದ್ರೆ ಶಿಸ್ತು, ಖಲೀಲ್ ಭಾಯ್!"

ಶುಕ್ರವಾರ ಪರೀಕ್ಷೆ ಬಂತು. ಹುಲಿಯೂರುದುರ್ಗದಲ್ಲಿ ವನಜಾಕ್ಷಿಯ ತಮ್ಮನ ಮಗುವಿಗೆ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನನ್ನವಳೇ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ತಲುಪದಿದ್ದರೆ ಆ ಪಟ್ಟ ಅವಳ ಬದ್ಧವೈರಿ, ಚಿಕ್ಕಪ್ಪನ ಮಗಳು ಪಲ್ಲವಿಗೆ! ನನ್ನವಳು ಏಳು ಗಂಟೆಯಿಂದಲೇ ಗಡಿಯಾರ ನೋಡುತ್ತಿದ್ದಳು.

ಅತ್ತೆ ಭದ್ರಮ್ಮನವರು ಗುಬ್ಬಿ ತೋಟದ ದೊಡ್ಡ ಹಲಸಿನ ಹಣ್ಣಿನೊಡನೆ ಹಿಂದೆ ಕೂತರು. ಹಣ್ಣನ್ನು ಡಿಕ್ಕಿಯಲ್ಲಿಡೋಣವೆಂದರೆ ಅದರ ತುಂಬ ನನ್ನ ಸುರಕ್ಷತಾ ಸಾಮಗ್ರಿ! ಹಣ್ಣಿಗೂ ಬೆಲ್ಟ್ ಬಿಗಿದೆ. ಅದು ತಕರಾರು ಮಾಡಲಿಲ್ಲ. ಅತ್ತೆ ಮಾಡಿದರು.

"ನಾನೇನು ಎಮ್ಮೆನಾ ಕಟ್ಟಾಕಕ್ಕೆ? ನಿಮ್ಮ ಮಾವನೋರು ಇದ್ರಲ್ಲೇ ಒಂಬತ್ ಜನರ ತುಂಬ್ಕಂಡು ಧರ್ಮಸ್ಥಳಕ್ಕೆ ಹೋಗ್ಬಂದ್ರು!"

ಹೇಗೋ ಕಟ್ಟಿ ಹೊರಟೆ. ಊರು ದಾಟುತ್ತಿದ್ದಂತೆ ಅತ್ತೆಗೆ ಎಲೆಯಡಿಕೆ ಉಗುಳಬೇಕಾಯಿತು. ಕಿಟಕಿಗೆ ಬಗ್ಗಲು ಬೆಲ್ಟ್ ಬಿಡದು. ಟಕ್ಕನೆ ಬಿಚ್ಚಿದರು. ಗಾಡಿ ನಡುರಸ್ತೆಯಲ್ಲಿ ನಿಂತಿತು! ಹಿಂದಿನ ಲಾರಿಯವನು ನನ್ನ ವಂಶಸ್ಥರನ್ನೆಲ್ಲ ಹೆಸರೆತ್ತದೆ ಸ್ಮರಿಸಿದ. ಮತ್ತೆ ಬೆಲ್ಟ್, ಮತ್ತೆ ಸ್ಟಾರ್ಟ್, ಮತ್ತೆ ಎಲೆಯಡಿಕೆ. ಕುಣಿಗಲ್ ಮುಟ್ಟುವಷ್ಟರಲ್ಲಿ ಏಳು ಸಲ ಉಗುಳಿದರು, ಏಳು ಸಲ ನಿಂತೆವು. ಏಳನೆಯ ಸಲ ಬ್ಯಾಟರಿಯೂ ಕೈಯೆತ್ತಿತು.

"ಒಂಬತ್ತೂ ನಲವತ್ತು ಕಣ್ರೀ! ಆ ಪಲ್ಲವಿ ಆಗ್ಲೇ ತೊಟ್ಟಿಲ ಪಕ್ಕ ಸೆರಗು ಸಿಕ್ಕಿಸ್ಕೊಂಡು ನಿಂತಿರ್ತಾಳೆ!" ವನಜಾಕ್ಷಿಯ ಕಣ್ಣಲ್ಲಿ ನೀರು.

ಅಪ್ಪನಿಂದ ಇದೇ ಗಾಡಿ ಓಡಿಸಲು ಕಲಿತಿದ್ದ ಅವಳನ್ನು ಸ್ಟೀರಿಂಗಿಗೆ ಕೂರಿಸಿ, ಟೀ ಅಂಗಡಿಯ ನಾಲ್ವರನ್ನು ಕರೆದು ತಳ್ಳಿದೆ. ಹೈಸ್ಸಾ! ಗಾಡಿ ಕೆಮ್ಮಿತು, ಗುಡುಗಿತು, ಓಡಿತು!

"ನಿಲ್ಸೇ! ನಾನು ಹತ್ಬೇಕು!" ಎಂದು ಹಿಂದೆ ಓಡಿದೆ.

"ನಿಲ್ಸಿದ್ರೆ ಆಫ್ ಆಗುತ್ತೆ ಕಣ್ರೀ! ಬಸ್ಸಲ್ಲಿ ಬನ್ನಿ!"

ಹಿಂದಿನ ಗಾಜಿನಲ್ಲಿ ಹಲಸಿನ ಹಣ್ಣು ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಹೋಗುತ್ತಿತ್ತು.

ನನಗೆ ಸಿಕ್ಕಿದ ಬಸ್ಸಿನಲ್ಲಿ ಒಂದು ಕಾಲಿಡಲು ಮಾತ್ರ ಜಾಗವಿತ್ತು. ಇನ್ನೊಂದು ಕಾಲು ಗಾಳಿಯಲ್ಲಿ. ಹನ್ನೊಂದೂಕಾಲಿಗೆ ತಲುಪಿದಾಗ ವನಜಾಕ್ಷಿ ಮಗುವನ್ನೆತ್ತಿಕೊಂಡು ನಗುತ್ತಿದ್ದಳು. ರಾಹುಕಾಲಕ್ಕೆ ಐದು ನಿಮಿಷ ಇರುವಾಗಲೇ ಹೆಸರು ಹೇಳಿದ್ದಳಂತೆ!

"ಗಾಡಿ ಮತ್ತೆ ನಿಲ್ಲಲಿಲ್ವಾ? ಅತ್ತೆ ಉಗುಳಲಿಲ್ವಾ?"

"ನಾಲ್ಕು ಸಲ ಉಗುಳಿದ್ರು. ಒಂದ್ಸಲಾನೂ ನಿಲ್ಲಲಿಲ್ಲ."

"ಅದ್ಹೆಂಗೆ?"

"ಅದೇನ್ ಮಹಾ," ಎಂದರು ಅತ್ತೆ, ಹೊಸ ಎಲೆಗೆ ಸುಣ್ಣ ಸವರುತ್ತಾ. "ಕೊಂಡಿ ಸಿಕ್ಸಿ, ಬೆಲ್ಟ್ ಮ್ಯಾಲೇ ಕೂತ್ಕಂಡೆ."

ಆಮೇಲೆ ನನ್ನ ಕೆದರಿದ ತಲೆ, ಗುಂಡಿ ಕಿತ್ತ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಕನಿಕರದಿಂದ ಕೇಳಿದರು:

"ಅಳಿಯಂದ್ರೇ, ಬಸ್ಸಲ್ಲಿ ಬೆಲ್ಟ್ ಹಾಕ್ಕಂಡಿದ್ರಾ?"