ಕಲ್ಲೇ ಬಂದು ಹೊಡೆಯಿತಂತೆ

ನಮ್ಮ ಕಾರಿನ ಮೂತಿ ಹೇಗೆ ಮುರಿಯಿತು ಎಂದು ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ ಸಿಗುತ್ತದೆ: ಚಂದಕವಾಡಿ ರಸ್ತೆಯಲ್ಲಿ ಹುರುಳಿ ಒಕ್ಕಣೆಯವರು ಇಟ್ಟಿದ್ದ ಕಲ್ಲು ಬಂದು ಹೊಡೆಯಿತು. ಅಪ್ಪ ಹಾಗೆ ಹೇಳಿದರು, ಅಮ್ಮ ಅದನ್ನೇ ಹೇಳಿದಳು, ಎದುರುಮನೆಯವರು ಒಂದಕ್ಷರ ಬದಲಿಸದೆ ಮುಂದಕ್ಕೆ ದಾಟಿಸಿದರು. ನನ್ನ ತಕರಾರು ಇರುವುದು ಆ 'ಬಂದು' ಎಂಬಲ್ಲಿ. ಕಲ್ಲು ಎಲ್ಲಿಗೂ ಬಂದಿರಲಿಲ್ಲ. ಬೆಳಗಿನಿಂದ ಮೈತುಂಬ ಸುಣ್ಣ ಬಳಿಸಿಕೊಂಡು, ದೃಷ್ಟಿಬೊಂಬೆಯ ಹಾಗೆ ಎಲ್ಲರ ಕಣ್ಣಿಗೂ ರಾಚುತ್ತ, ಅದು ತನ್ನ ಜಾಗದಲ್ಲೇ ಕೂತಿತ್ತು. ಬಂದವರು ನಾವು. ಒಂದು ಅಪಘಾತದಲ್ಲಿ ಕದಲದೆ ಕೂತ ಪಕ್ಷವನ್ನೇ ಅಪರಾಧಿ ಮಾಡುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ನನ್ನ ಪರಿಚಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಚಾಮರಾಜನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳಿಂದಾಗಿ ಮನೆಯ ಶೋಕೇಸಿನಲ್ಲಿ ಅಮ್ಮನ ಗಾಜಿನ ಲೋಟಗಳಿಗೆ ಜಾಗವಿಲ್ಲ. ವಿಷಯ ಯಾವುದಾದರೂ ಸರಿ, ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ. ಸುಮ್ಮನಿರುವುದಕ್ಕೆ ಮಾತ್ರ ಯಾರೂ ತರಬೇತಿ ಕೊಡಲಿಲ್ಲ. ಹಿಂದೊಮ್ಮೆ ಅಪ್ಪ, "ಬಾ ಕಣಮ್ಮಿ, ಡ್ರೈವಿಂಗ್ ಕಲುಸ್ತೀನಿ" ಎಂದು ಕರೆದಾಗಲೂ ವಿರೋಧದ ಕಡೆ ನಿಂತೆ. ಬಸ್ಸಿರುವ ಊರಿನಲ್ಲಿ ಮನೆಗಿಬ್ಬರು ಡ್ರೈವರುಗಳೇಕೆ, ಪೆಟ್ರೋಲಿನ ಹೊಗೆಯನ್ನು ಮುಂದಿನ ಪೀಳಿಗೆಯವರು ಯಾಕೆ ಕುಡಿಯಬೇಕು, ಇತ್ಯಾದಿ. ಅಪ್ಪ ಸೋತು, ಬಕೆಟ್ ಹಿಡಿದು ಕಾರು ತೊಳೆಯಲು ಹೋದರು. ಆ ಗೆಲುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಪ್ಪ ತಾಲ್ಲೂಕಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಚಂದಕವಾಡಿಯ ಹತ್ತಿರದ ಶಾಲೆಯಲ್ಲಿ ಟೀಚರು. ಬೆಳಗ್ಗೆ ಅಮ್ಮನನ್ನು ಬಿಡುವುದು, ಸಂಜೆ ಕರೆತರುವುದು, ನಡುವೆ ಸಮಯ ಸಿಕ್ಕರೆ ಕಚೇರಿ. ಇದು ಅಪ್ಪನ ದಿನಚರಿ. ಆವತ್ತು ಅಮ್ಮನನ್ನು ಕರೆತರಲು ನಾನೂ ಹೊರಟಿದ್ದೆ, ಮುಂದಿನ ಸೀಟಿನಲ್ಲಿ. ನಮ್ಮ ಕಡೆ ಹುರುಳಿ ಕಿತ್ತಮೇಲೆ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯೇ ಕಣ, ಹೋಗಿಬರುವ ಬಸ್ಸು ಲಾರಿಗಳೇ ಕಾಳು ಒಕ್ಕುವ ಗುಂಡುಕಲ್ಲು. ಹುರುಳಿಯ ಹಾಸು ಚದುರದಿರಲೆಂದು ಅಂಚಿಗೆ ಸುಣ್ಣ ಬಳಿದ ಕಲ್ಲಿಡುತ್ತಾರೆ. ಇದು ಹೇಗೆ ತಪ್ಪು ಎಂದು ನಾನು ಅಪ್ಪನಿಗೆ ವಿವರಿಸುತ್ತಿದ್ದೆ. ಸೊಪ್ಪು ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು, ಇದು ಮೊದಲನೆಯದು. ಬೈಕಿನವರು ಜಾರುತ್ತಾರೆ, ಇದು ಎರಡನೆಯದು. ಮೂರನೆಯದಾಗಿ, ಈ ಕಲ್ಲುಗಳು, ಎಂದು ಬೆರಳು ಮಡಿಸಿ ಅಪ್ಪನ ಕಡೆ ಪೂರ್ತಿ ತಿರುಗಿದೆ. ಧಡ್ ಎಂದಿತು. ನನ್ನ ವಾದಕ್ಕೆ ಅಷ್ಟು ಬೇಗ ಪುರಾವೆ ಒದಗಿದ್ದು ಅದೇ ಮೊದಲು.

ಕವೆಗೋಲು ಹಿಡಿದು ಹುರುಳಿಯ ಒಡತಿ ಬಂದಳು. "ಸುಣ್ಣ ಬಳ್ದು ಮಡಗಿವ್ನಿ ಕಣಪ್ಪ, ಕಾಣ್ಲಿಲ್ವಾ?" ಎಂದಳು. ಅಪ್ಪ ಇಳಿದು ಬಂಪರಿನ ಮುಂದೆ ಬಗ್ಗಿದರು. ನಾನು ಬಿಡುತ್ತೇನೆಯೇ? "ರಸ್ತೆ ಮೇಲೆ ಕಲ್ಲಿಡೋದೇ ತಪ್ಪು ಕಣಮ್ಮ" ಎಂದು ಶುರುಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತು ಕಣಮ್ಮಿ, ತಪ್ಪು ನಂದೇ ಅನ್ಕೊ. ಬೆಳಗ್ಗಿಂದ ಬಸ್ಸೋರು, ಲಾರಿಯೋರು, ಸೈಕಲ್ ತುಳಿಯೋ ಐಕ್ಳು, ಎಲ್ಲಾರೂ ನೋಡ್ಕಂಡು ಓದ್ರು. ನಿಮ್ಮಪ್ಪ ಒಬ್ಬನ್ಗೆ ಯಾಕ್ ಕಾಣ್ಲಿಲ್ಲ, ಅದೊಂದ ಏಳ್ಬುಡು" ಎಂದಳು. ಇದು ವಿಷಯಾಂತರ ಎಂದು ನಾನು ತೀರ್ಮಾನಿಸಿದೆ. ಅಪ್ಪ ಮುರಿದ ತುಂಡನ್ನು ಹೆಣದ ಕೈಯಂತೆ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, "ನಡಿ, ಓಗನ, ನಿಮ್ಮವ್ವ ಕಾಯ್ತಾಳೆ" ಎಂದರು.

ಮುರಿದದ್ದು ಬಂಪರಿನ ಕೆಳಗೆ ತುಟಿಯಂತೆ ಇಳಿಬಿದ್ದಿರುವ ಕಪ್ಪು ಪ್ಲಾಸ್ಟಿಕ್ ಪಟ್ಟಿ. ಏರ್ ಡ್ಯಾಮ್ ಎನ್ನುತ್ತಾರೆ. ಗಾಳಿಗೆ ಕಟ್ಟಿದ ಕಟ್ಟೆ. ಕಾರಿನಡಿಗೆ ನುಗ್ಗುವ ಗಾಳಿಯನ್ನು ತಡೆದು ರೇಡಿಯೇಟರಿನ ಕಡೆ ತಿರುಗಿಸುವುದು ಅದರ ಕೆಲಸ. ಅದು ಹೋದಮೇಲೆ ನಮ್ಮ ಹಳೆಯ ಬಿಳಿ ಕಾರು, ಕಟ್ಟಿಸಿದ ಹಲ್ಲನ್ನು ಮನೆಯಲ್ಲಿ ಮರೆತು ಮದುವೆಗೆ ಬಂದ ಹಿರಿಯರಂತೆ ಕಾಣತೊಡಗಿತು. ಊರಿನ ಮೆಕ್ಯಾನಿಕ್ಕುಗಳು, "ಬುಡಿ ಸಾರ್, ಈ ವಯಸ್ಸಿನ ಗಾಡಿಗೆ ಅದೆಲ್ಲ ಯಾಕೆ" ಎಂದರು. ಅಪ್ಪ ಬಿಡಲಿಲ್ಲ. ತಿಂಗಳುಗಟ್ಟಲೆ ಒಂದು ವೈಪರ್ ಬದಲಿಸದ ಮನುಷ್ಯ ಈ ಪಟ್ಟಿಗಾಗಿ ಊರೂರಿಗೆ ಫೋನ್ ಮಾಡಿದರು. ಇಂಜಿನ್ ಬಿಸಿಯಾಗುವ ಭಯ ಎಂದುಕೊಂಡೆ. ಕಾರು ನಿಂತಲ್ಲೆಲ್ಲ ಯಾರಾದರೂ, "ಏನಾಯ್ತು ಮಾದೇವಣ್ಣ?" ಎಂದು ಕೇಳುತ್ತಿದ್ದರು, ಅಪ್ಪ ಪ್ರತಿಸಲವೂ ಆ ಕಲ್ಲನ್ನು ಬರಿಸಿ ಹೊಡೆಸಬೇಕಾಗುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಕೊನೆಗೆ ಗುಂಡ್ಲುಪೇಟೆಯ ಶಿವಮಲ್ಲು ಎಂಬಾತನ ಶೆಡ್ಡಿನಲ್ಲಿ ಒಂದು ಸಿಕ್ಕಿತು. ಕೇರಳದ ಕಡೆಯ ಗುಜರಿಯಿಂದ ಬಂದದ್ದು. ಭಾನುವಾರ ಮೂವರೂ ಹೊರಟೆವು. ಕೆಲಸ ಮುಗಿಸಿಕೊಂಡು ಭೀಮನಬೀಡಿನ ದೊಡ್ಡಮ್ಮನ ಮನೆಗೆ ಹೋಗಿಬರುವುದು ಎಂದಾಗಿತ್ತು. ನಾನು ಹಿಂದಿನ ಸೀಟಿನಲ್ಲಿ, ಅಳತೆಗೆಂದು ತಂದ ಮುರುಕು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮುಂದೆ ಅಮ್ಮ. ಅಮ್ಮ ಕಾರಿನಲ್ಲಿ ಕೂತರೆ ಬಾಯಿ ಮುಚ್ಚುವುದಿಲ್ಲ. "ಹಂಪ್ ಅದೆ ಕಣ್ರೀ. ಎಡಕ್ಕೆ ಆಡುಗಳು. ಅಗೋ ಬೈಕು, ನಿಧಾನ. ಗುಂಡಿ, ಗುಂಡಿ." ಕೆಲವು ವರ್ಷಗಳಿಂದ ಶುರುವಾದ ಚಟ ಇದು. ನಾನು ಇದಕ್ಕೆ ನೇರಪ್ರಸಾರ ಎಂದು ಹೆಸರಿಟ್ಟಿದ್ದೆ. ಗಂಡಸು ಓಡಿಸುವಾಗ ಹೆಂಗಸು ಗಾಬರಿಪಡಬೇಕೆಂಬ ಸಂಪ್ರದಾಯದ ಬಗ್ಗೆ ಅಮ್ಮನಿಗೆ ಭಾಷಣವನ್ನೂ ಕೊಟ್ಟಿದ್ದೆ. ಅಮ್ಮ ಅದಕ್ಕೆ, "ಆಯ್ತು ಬುಡು" ಎಂದು ಹೇಳಿ, ಮರುಕ್ಷಣವೇ "ರೀ, ಮುಂದೆ ಎತ್ತಿನಗಾಡಿ" ಎಂದಿದ್ದಳು.

ಶಿವಮಲ್ಲುವಿನ ಶೆಡ್ಡಿನಲ್ಲಿ ಆ ಪಟ್ಟಿಯನ್ನು ಬಂಪರಿಗೆ ಹಿಡಿದು ನೋಡಿದರೆ ತೂತಿಗೆ ತೂತು ಕೂಡುತ್ತಿಲ್ಲ. ಕಾರು ಅದೇ, ತಯಾರಾದ ವರ್ಷ ಬೇರೆ ಇರಬೇಕು, ಒಂದು ಬೆರಳಷ್ಟು ವ್ಯತ್ಯಾಸ. "ಅದೇ ಮಾಡ್ಲು ಅಂದ್ರಲ್ಲ?" ಎಂದೆ. "ಅದೇ ಮಾಡ್ಲೇ ಕಣಕ್ಕ. ಅಕ್ಕ ತಂಗೀರು ಒಂದೇ ತರ ಇರ್ತಾರಾ?" ಎಂದ. ಇದು ಹೋಲಿಕೆಯೇ ಹೊರತು ತರ್ಕವಲ್ಲ ಎಂದು ನಾನು ಸಾಬೀತು ಮಾಡುವಷ್ಟರಲ್ಲಿ ಅವನು ಡ್ರಿಲ್ ಹಾಕಿ ಎರಡು ಹೊಸ ತೂತು ಕೊರೆದುಬಿಟ್ಟಿದ್ದ. ಆಗ ಯಾರೋ ಜೀಪಿನವನು ಕರೆದ. "ಸ್ಕ್ರೂ ಆಕ್ಬುಡಿ ಸಾರ್, ಬಂದೆ" ಎಂದು ಹೋದವನು ಜೀಪಿನೊಳಗೇ ಸೇರಿಹೋದ.

ಅಪ್ಪ ಗೋಣಿಚೀಲ ಹಾಸಿ ಬಂಪರಿನ ಮುಂದೆ ಮಲಗಿದರು. ನಡುಹಗಲು, ಶೆಡ್ಡಿಗೆ ಮುಂದೆ ಬಾಗಿಲೇ ಇಲ್ಲ, ಬೆಳಕು ಧಾರಾಳವಾಗಿತ್ತು. ಸ್ಕ್ರೂ ಹಿಡಿದ ಅಪ್ಪನ ಕೈ ತೂತಿನ ಪಕ್ಕಕ್ಕೆ ಹೋಗಿ ಪ್ಲಾಸ್ಟಿಕ್ಕಿಗೆ ಕುಟ್ಟಿತು. ಮತ್ತೆ ಕುಟ್ಟಿತು. ಆಮೇಲೆ ಎಡಗೈ ಬೆರಳಿನಿಂದ ತಡವಿ ತೂತು ಹುಡುಕಿ, ಬೆರಳನ್ನು ಅಲ್ಲೇ ಗುರುತಿಗಿಟ್ಟು, ಬಲಗೈಯನ್ನು ಬೆರಳಿನ ಜಾಡು ಹಿಡಿಸಿ ತಂದರು. ನಾನು ನೆರವಿಗೆ ಬಗ್ಗುವ ಮೊದಲೇ ಅಮ್ಮ ಸೀರೆ ಮುದುಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. "ಇನ್ನೊಂಚೂರು ಬಲಕ್ಕೆ. ಮೇಲೆ. ಹಾಂ, ಅಲ್ಲೇ." ಅದೇ ದನಿ. ಹಂಪ್ ಅದೆ ಕಣ್ರೀ ಎನ್ನುವ, ಗುಂಡಿ ಗುಂಡಿ ಎನ್ನುವ, ನಾನು ಗೇಲಿ ಮಾಡುತ್ತಿದ್ದ ಅದೇ ದನಿ.

ಹರದನಹಳ್ಳಿಯಲ್ಲಿ ನನ್ನ ತಾತ, ಅಪ್ಪನ ಅಪ್ಪ, ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಹತ್ತಿರ ಹೋದರೆ ತಲೆ ತಡವಿ, ಜಡೆ ಸಿಕ್ಕಿದ ಮೇಲೆ ನನ್ನ ಹೆಸರು ಹೇಳುತ್ತಿದ್ದರು. ಅವರ ಕಣ್ಣು ಹೋದದ್ದು ಹೆಚ್ಚುಕಡಿಮೆ ಅಪ್ಪನ ಈಗಿನ ವಯಸ್ಸಿನಲ್ಲೇ. ಹಿತ್ತಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದವರು ಅಪ್ಪ. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಬಿಡಿಬಿಡಿಯಾಗಿ ಗೊತ್ತಿದ್ದವು. ಇಲ್ಲದ ಸಂಬಂಧಗಳನ್ನು ವೇದಿಕೆಯ ಮೇಲೆ ನಿಮಿಷದೊಳಗೆ ಜೋಡಿಸಿ ಚಪ್ಪಾಳೆ ಗಿಟ್ಟಿಸಿದ ನನಗೆ ಮನೆಯೊಳಗಿನ ಇದೊಂದನ್ನು ಇಷ್ಟು ವರ್ಷ ಜೋಡಿಸಲಾಗಿರಲಿಲ್ಲ.

ಅಪ್ಪ ಎದ್ದು ನಿಂತು, ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಪಟ್ಟಿ ಎಡಗಡೆ ಎರಡು ಬೆರಳು ಇಳಿಬಿದ್ದಿತ್ತು. ಪಾರ್ಶ್ವವಾಯು ಹೊಡೆದ ತುಟಿಯ ಹಾಗೆ. "ನೆಟ್ಟಗೆ ಕೂತದಾ?" ಎಂದು ಕೇಳಿದರು. ಅಮ್ಮ ನನ್ನನ್ನು ನೋಡಿದಳು. ಪರಿಚಯದವರ ಮದುವೆಯೂಟದಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಮೈಕಿನ ಹತ್ತಿರ ಹೋಗಿ ಹೇಳಬಲ್ಲವಳು ನಾನು. "ನೆಟ್ಟಗಿದೆ ಅಪ್ಪ" ಎಂದೆ. ಅಷ್ಟು ಹೊತ್ತಿಗೆ ಶಿವಮಲ್ಲು ಬಂದು, "ಅಯ್ಯೋ ಸಾರ್, ಏನಿದು ಎಡಕ್ಕೆ" ಎಂದು ಬಾಯಿ ತೆರೆದ. ನಾನು ಅವನನ್ನು ನೋಡಿದ ನೋಟಕ್ಕೆ, "ಎಡಕ್ಕೆ ಇನ್ನೊಂದು ಸ್ಕ್ರೂ ಆಕಿದ್ರೆ ಬಂದೋಬಸ್ತಾಗಿರ್ತದೆ" ಎಂದು ಮಾತು ತಿರುಗಿಸಿದ.

ಭೀಮನಬೀಡಿನಲ್ಲಿ ಊಟವಾದ ಮೇಲೆ ಹಿತ್ತಲಲ್ಲಿ ಅಮ್ಮನನ್ನು ಹಿಡಿದುಕೊಂಡೆ. ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗಿಲ್ಲ ಎಂದೆ. "ಕರೀದೆ ಇದ್ದೀನಾ? ಡಾಕ್ಟ್ರು ಏಳೋಗಂಟ ಏನೂ ಆಗಿಲ್ಲ ಕಣೇ ಅಂತಾರೆ. ಸಾಬೀತಾಗದೆ ಯಾವ್ದನ್ನೂ ಒಪ್ಬಾರ್ದು ಅಂತ ನಿನ್ ಮಗಳೇ ಏಳ್ತಾಳಲ್ಲ ಅಂತಾರೆ." ನನ್ನ ವಾಕ್ಯ ನನಗೇ ವಾಪಸು ಬಂದಿತ್ತು. ಹಾಗಾದರೆ ಇವತ್ತಿನಿಂದಲೇ ಓಡಿಸುವುದನ್ನು ನಿಲ್ಲಿಸಬೇಕು, ಇದು ಅವರೊಬ್ಬರ ಪ್ರಶ್ನೆಯಲ್ಲ, ದಾರಿಯಲ್ಲಿ ನಡೆಯುವವರ ಪ್ರಶ್ನೆ, ಎಂದು ನಾನು ಅಂಶಗಳನ್ನು ಎಣಿಸತೊಡಗಿದೆ. ಅಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, "ನೀ ಏಳದೆಲ್ಲ ನಿಜ ಕಣಮ್ಮಿ. ಆದ್ರೆ ಗಾಡಿ ಮನೆಗೆ ಯಾರು ತರಾರು, ನೀನಾ?" ಎಂದಳು. ಡ್ರೈವಿಂಗ್ ಕಲಿಯುವುದಿಲ್ಲವೆಂದು ಅಪ್ಪನನ್ನು ಸೋಲಿಸಿದ ಆ ಹಳೆಯ ಗೆಲುವು ನೆನಪಾಯಿತು. ಅದೇ ಹಿತ್ತಲಲ್ಲಿ ಅಮ್ಮ ಇನ್ನೂ ಒಂದು ಮಾತು ಹೇಳಿದಳು: "ಅಕ್ಕಂಗೆ ಮೈ ಉಸಾರಿಲ್ಲ, ನಾನು ನಾಳೆ ಬಸ್ಸಲ್ಲಿ ಬತ್ತೀನಿ. ನೀ ಮುಂದ್ಗಡೆ ಕೂತ್ಕೊ. ಫೋನ್ ತೆಗೀಬೇಡ. ಅವ್ರ ಜೊತೆ ವಾದಕ್ಕೂ ಕೂರ್ಬೇಡ."

ಹೀಗೆ ನಾನು ಅಮ್ಮನ ಜಾಗದಲ್ಲಿ ಕೂತೆ. ಗುಂಡ್ಲುಪೇಟೆ ದಾಟುವಾಗ ಮೊದಲ ಹಂಪ್ ಬಂತು. "ಹಂಪ್ ಇದೆ" ಎಂದೆ, ಯಾರದೋ ಸೀರೆ ಉಟ್ಟ ಹಾಗೆ ನಾಚಿಕೊಂಡು. ಅಪ್ಪ ನನ್ನ ಕಡೆ ತಿರುಗಲಿಲ್ಲ, ಆದರೆ ನಿಧಾನ ಮಾಡಿದರು. ಹೊಸ ಪಟ್ಟಿ ಎಡಗಡೆಯಲ್ಲಿ ಗಾಳಿಗೆ ಪಟಪಟ ಎನ್ನುತ್ತಿತ್ತು. "ಏನದು ಸದ್ದು?" ಎಂದರು. "ಗಾಳಿ" ಎಂದೆ. ಗಾಳಿ ಹೌದಲ್ಲ, ಸುಳ್ಳೇನಲ್ಲ. ಗುಂಡಿ ಎಂದೆ, ಬೈಕು ಎಂದೆ, ಕುರಿಮಂದೆ ಎಂದೆ. ಸುಮ್ಮನಿರುವ ತರಬೇತಿ ಇಲ್ಲದ್ದು ಉಪಯೋಗಕ್ಕೆ ಬಂತು ಎಂದು ನಗಬಹುದಿತ್ತು, ನಗು ಬರಲಿಲ್ಲ.

ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎಡಗಡೆ ಉದ್ದಕ್ಕೆ ಹುರುಳಿ ಹಾಸಿದ್ದರು. ಅದರ ಕೊನೆಯಲ್ಲಿ ಒಂದು ಕಲ್ಲು, ಸುಣ್ಣ ಬಳಿದದ್ದು, ಬೆಳ್ಳಗೆ. ಬಿಸಿಲು ನಮ್ಮ ಬೆನ್ನಿಗಿತ್ತು, ಹಾಗಾಗಿ ಬಿಸಿಲು ಕಣ್ಣಿಗೆ ಹೊಡೆಯಿತು ಎಂಬ ನೆಪಕ್ಕೂ ಅವಕಾಶವಿರಲಿಲ್ಲ. ಸಂದೇಹವಾದಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಅಪ್ಪ ತಾವಾಗಿ ಬಲಕ್ಕೆ ತಿರುಗಿಸಿದರೆ ಶೆಡ್ಡಿನಲ್ಲಿ ಕಂಡದ್ದೆಲ್ಲ ನನ್ನ ಭ್ರಮೆ. ತಿರುಗಿಸದಿದ್ದರೆ ಇನ್ನು ವಾದವೇ ಬೇಡ. ಕಲ್ಲು ಹತ್ತಿರವಾಯಿತು. ಅಪ್ಪನ ಕೈ ಸ್ಟೇರಿಂಗಿನ ಮೇಲೆ ಕದಲದೆ ಇತ್ತು. ಅದು ಕದಲಲಿದ್ದ ಕೈಯೋ ಅಲ್ಲವೋ ನನಗೆ ತಿಳಿಯುವುದಕ್ಕೆ ಇನ್ನೊಂದು ಉಸಿರಿನಷ್ಟು ಹೊತ್ತು ಬೇಕಿತ್ತು, ಆ ಹೊತ್ತನ್ನು ಕೊಡುವುದು ನನ್ನಿಂದಾಗಲಿಲ್ಲ. "ಅಪ್ಪ, ಎಡಕ್ಕೆ ಕಲ್ಲು" ಎಂದುಬಿಟ್ಟೆ.

ಅಪ್ಪ ಬಲಕ್ಕೆ ತಿರುಗಿಸಿದರು. ಕಲ್ಲು ಹಿಂದೆ ಉಳಿಯಿತು, ತನ್ನ ಜಾಗದಲ್ಲೇ. "ನಂಗೂ ಗೊತ್ತಿತ್ತು ಕಣಮ್ಮಿ" ಎಂದರು. ವಾದಕ್ಕೆ ಕೂರಬೇಡ ಎಂದು ಅಮ್ಮ ಹೇಳಿದ್ದಳು, ನಾನು ಕೂರಲಿಲ್ಲ. ಇದು ವಾದವಲ್ಲ ಎಂದು ನನಗೆ ನಾನೇ ಹೇಳಿಕೊಂಡು, ರಸ್ತೆಯಿಂದ ಕಣ್ಣು ತೆಗೆಯದೆ ಒಂದೇ ಒಂದು ಕೇಳಿದೆ: "ಗೊತ್ತಿತ್ತು ಸರಿ ಅಪ್ಪ. ಕಾಣಿಸಿತ್ತಾ?"