ಕಲುಬಿಹಾನ್ ಆರೋಗ್ಯ ಕೇಂದ್ರದ ಬಾಗಿಲು

ಫಿಲಿಪೀನ್ಸ್ ಗಣರಾಜ್ಯದ ಒಂದು ಸಣ್ಣ ದ್ವೀಪದಲ್ಲಿರುವ ಕಲುಬಿಹಾನ್ ಗ್ರಾಮದಲ್ಲಿ ಸುಸಜ್ಜಿತ ಆರೋಗ್ಯ ಕೇಂದ್ರವಿದೆ. ಸಭಾಭವನದ ಮುಂದಿನ ‘ಗ್ರಾಮ ಪರಿಚಯ’ ಫಲಕದಲ್ಲಿ ಇದನ್ನು ನೀಲಿ ಬಣ್ಣದಲ್ಲಿ ಬರೆಯಲಾಗಿದೆ. ನಮ್ಮ ಜನಸಂಖ್ಯೆ, ತೆಂಗಿನ ಮರಗಳು, ಹಂದಿಗಳು, ಬ್ಯಾಸ್ಕೆಟ್‌ಬಾಲ್ ಅಂಗಳ ಎಲ್ಲವೂ ಅದರಲ್ಲಿವೆ. ಆರೋಗ್ಯ ಕೇಂದ್ರವೊಂದನ್ನು ಬಿಟ್ಟು ಉಳಿದೆಲ್ಲವೂ ಕಣ್ಣಿಗೂ ಕಾಣುತ್ತವೆ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದು ವಾದಿಸುವವರು ಭಾನುವಾರ ಇಗರ್ಜಿಗೆ ಯಾಕೆ ಹೋಗುತ್ತಾರೋ ನನಗಂತೂ ತಿಳಿಯದು.

ನಾನು ಈ ಗ್ರಾಮದ ಕಾರ್ಯದರ್ಶಿ. ಫಲಕ ಬರೆಸಿದವನೂ ನಾನೇ ಆದ್ದರಿಂದ ಅಧಿಕೃತವಾಗಿ ತಿಳಿಸುತ್ತೇನೆ: ಕೇಂದ್ರಕ್ಕೆಂದು ಸಿಮೆಂಟ್ ಬಂದಿತ್ತು. ಆಗ ಮಳೆಗಾಲ. ಗ್ರಾಮದ ಮುಖ್ಯಸ್ಥರಾದ ಕ್ಯಾಪ್ಟನ್ ತೆಲೆಸ್ಫೋರೊ ಅವರ ಪಂದ್ಯದ ಹುಂಜಗಳಿಗೆ ಕೆಸರಿನಿಂದ ಶೀತವಾಗುತ್ತಿತ್ತು. ಹಾಗಾಗಿ ಸಿಮೆಂಟನ್ನು ತಾತ್ಕಾಲಿಕವಾಗಿ ಹುಂಜಗಳ ಕಾಲಡಿಗೆ ಹಾಸಲಾಯಿತು. ಹಾಸಿದ ಸಿಮೆಂಟ್ ಗಟ್ಟಿಯಾಗುವುದು ಪ್ರಕೃತಿ ನಿಯಮ, ಅದರಲ್ಲಿ ಗ್ರಾಮಾಡಳಿತದ ತಪ್ಪೇನೂ ಇಲ್ಲ. ಅಂದಿನಿಂದ ಹುಂಜಗಳು ಆರೋಗ್ಯವಾಗಿವೆ. ಆ ಮಟ್ಟಿಗೆ ಕೇಂದ್ರ ಕೆಲಸ ಮಾಡುತ್ತಿದೆ ಎನ್ನಲು ಅಡ್ಡಿಯಿಲ್ಲ.

ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ವ್ಯವಸ್ಥೆಗೆ ಪಿನಾಂಗ್ ಅಜ್ಜಿ ಕಲ್ಲು ಹಾಕಿದಳು. ಅವಳ ಮೊಮ್ಮಗಳು ದೆಲ್ಫಿನಾ ತುಂಬು ಬಸುರಿ. ಹೋದ ಸಲ ಪಟ್ಟಣದ ಆಸ್ಪತ್ರೆಗೆ ಹೋಗಲು ದೋಣಿ ಸಿಗದೆ, ಅವಳ ಚೊಚ್ಚಲ ಮಗು ದಡದಲ್ಲೇ ಹುಟ್ಟಿ ದಡದಲ್ಲೇ ಹೋಯಿತು. ಈ ಸಲ ಹಾಗಾಗಬಾರದೆಂದು ಅಜ್ಜಿ ಸಭಾಭವನಕ್ಕೆ ಬಂದಳು.

“ರೋಗಿಗಳಿಗೆ ಅಂತ ಸರ್ಕಾರದೋರು ಮೋಟಾರು ದೋಣಿ ಕೊಡ್ತಾರಂತಲ್ಲ. ನಮ್ಮೂರಿಗೆ ಯಾಕಿಲ್ಲ?”

“ಅದು ಆರೋಗ್ಯ ಕೇಂದ್ರ ಇಲ್ದಿರೋ ಊರಿಗೆ ಅಜ್ಜಿ. ನಮ್ಮಲ್ಲಿ ಇದೆಯಲ್ಲ,” ಎಂದರು ಕ್ಯಾಪ್ಟನ್.

“ಎಲ್ಲಿದೆಯೋ? ತೋರ್ಸು ನೋಡೋಣ.”

“ಹೊರಗಡೆ ಫಲಕ ಇದೆ, ಓದ್ಕೊಳ್ಳಿ.”

“ನೀಲಿ ಬಣ್ಣ ಬಂದು ಹೆರಿಗೆ ಮಾಡ್ಸತ್ತೇನೋ, ಹುಂಜದ ಮೂತಿಯವ್ನೇ! ನಿನ್ನನ್ನ ಎತ್ತಿ ಆಡಿಸಿದ ಕೈ ಇದು. ಆವತ್ತೇ ಕೈ ಬಿಟ್ಬಿಡ್ಬೇಕಿತ್ತು!”

ಹೀಗೆ ಆಡಳಿತಕ್ಕೆ ಅಗೌರವ ತೋರಿದ ಅಜ್ಜಿ, ಮೀನಿನ ದೋಣಿ ಹತ್ತಿ ಪಟ್ಟಣಕ್ಕೆ ಹೋಗಿ ಆರೋಗ್ಯ ಇಲಾಖೆಯ ಅಸುನ್ಸಿಯೋನ್ ಮೇಡಂ ಮುಂದೆಯೂ ಅದೇ ಪ್ರಶ್ನೆ ಕೇಳಿದಳು. ಮೇಡಂ ನಿಯಮದ ಪ್ರಕಾರ ಉತ್ತರಿಸಿದರು: ಮಂಗಳವಾರ ಖುದ್ದಾಗಿ ಬಂದು ಕೇಂದ್ರವನ್ನು ಪರಿಶೀಲಿಸಲಾಗುವುದು.

ತುರ್ತು ಸಭೆ ಸೇರಿತು. “ಕೇಂದ್ರ ಇಲ್ಲ ಅಂದ್ರೆ ಸಿಮೆಂಟ್ ಎಲ್ಲಿ ಅಂತಾರೆ. ನನ್ನ ಹುಂಜಗಳೇನೋ ಬಾಯಿ ಬಿಡಲ್ಲ,” ಎಂದು ಕ್ಯಾಪ್ಟನ್ ನಮ್ಮೆಲ್ಲರ ಮುಖ ನೋಡಿದರು. ಒಂದೊಂದು ಚೀಲ ಸಿಮೆಂಟ್ ನಮ್ಮ ಮನೆಗಳಿಗೂ ಬಂದಿದ್ದರಿಂದ ಊರಿನ ಮಾನ ಉಳಿಸಲು ಎಲ್ಲರೂ ಒಮ್ಮನಸ್ಸಿನಿಂದ ಒಪ್ಪಿದೆವು.

ಮನೆ ಹೊರುವುದು ನಮ್ಮಲ್ಲಿ ಹೊಸದಲ್ಲ. ಮಗ ಬೇರೆ ಹೋಗುವಾಗ, ಪಕ್ಕದ ಮನೆಯವರ ಜೊತೆ ಜಗಳವಾದಾಗ, ಬಿದಿರಿನ ಮನೆಯ ಕೆಳಗೆ ಉದ್ದನೆಯ ಗಳಗಳನ್ನು ತೂರಿಸಿ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟು ಇಡೀ ಮನೆಯನ್ನೇ ಹೊತ್ತುಕೊಂಡು ಹೋಗುತ್ತೇವೆ. ಹೊತ್ತವರಿಗೆ ಮನೆಯವರು ಕೋಳಿ ಗಂಜಿ, ತೆಂಗಿನ ಕಳ್ಳು ಕೊಡಬೇಕು. ಈಚೆಗೆ ಎಲ್ಲರೂ ಕಾಂಕ್ರೀಟ್ ಮನೆ ಕಟ್ಟಿಕೊಂಡು ಕೂತಿದ್ದಾರೆ. ಎತ್ತಲು ಬರುವಂಥ ಮನೆ ಉಳಿದಿದ್ದು ಪಿನಾಂಗ್ ಅಜ್ಜಿಯದೊಂದೇ. ಅವಳ ಮನೆ ಮುಂದೆ ನಿಂತು ನಿರ್ಣಯವನ್ನು ನಾನೇ ಓದಿದೆ:

“ಗ್ರಾಮದ ಆರೋಗ್ಯ ಕೇಂದ್ರವನ್ನು ಪಿನಾಂಗ್ ಅಜ್ಜಿಯವರ ಮನೆಯ ರೂಪದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕಕ್ಕೆ, ಅಂದರೆ ಅದರ ಸ್ವಸ್ಥಾನಕ್ಕೆ ತರತಕ್ಕದ್ದು. ಸಂಪ್ರದಾಯದಂತೆ ಊಟದ ಖರ್ಚು ಮನೆಯವರದು.”

“ನನ್ನ ಮನೇನೂ ಕಿತ್ಕೊಂಡು, ಅದಕ್ಕೆ ಗಂಜೀನೂ ನಾನೇ ಕಾಯಿಸ್ಬೇಕಾ?” ಎಂದಳು ಅಜ್ಜಿ. ಆಮೇಲೆ ಅದೇನು ಹೊಳೆಯಿತೋ, “ಆಯ್ತು, ಎತ್ರೋ. ಆದ್ರೆ ದೆಲ್ಫಿನಾ ಒಳಗೇ ಮಲಗಿರ್ತಾಳೆ. ಬರೋ ಮೇಡಂ ಅವಳನ್ನ ಕಣ್ಣಾರೆ ನೋಡ್ಲಿ,” ಎಂದಳು.

ಮಂಗಳವಾರ ಬೆಳಗಾಗುತ್ತಲೇ ಬಸುರಿ ಸಮೇತ ಮನೆ ಎದ್ದಿತು. “ಒಳಗೆ ಇಬ್ರಿದ್ದಾರೆ ಅಜ್ಜಿ, ಗಂಜೀನೂ ಎರಡೆರಡು ಬಟ್ಲು ಬೇಕು!” ಎಂದು ಹೊರುವವರು ಏದುಸಿರು ಬಿಡುತ್ತಲೇ ತಮಾಷೆ ಮಾಡಿದರು. ಮನೆ ಇಳಿಸಿದ ಮೇಲೆ ಅಂಗಳಕ್ಕೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣದಲ್ಲಿ ಬಾಗಿಲ ಮೇಲೆ ಆಸ್ಪತ್ರೆಯ ಗುರುತು ಬರೆದೆವು.

ಮೇಡಂ ಇಲಾಖೆಯ ಲಾಂಚಿನಲ್ಲಿ ಬಂದರು. ಕೇಂದ್ರ ನೋಡಿ, “ಗಾಳಿ ಬೆಳಕು ಚೆನ್ನಾಗಿದೆ,” ಎಂದರು. “ವೈದ್ಯರೆಲ್ಲಿ?”

“ಊಟಕ್ಕೆ ಹೋಗಿದ್ದಾರೆ,” ಎಂದರು ಕ್ಯಾಪ್ಟನ್. ಆಗಿನ್ನೂ ಕಾಫಿ ಕುಡಿಯುವ ಹೊತ್ತು.

“ಬೇಗ ಊಟ ಮಾಡೋದು ಒಳ್ಳೇ ಅಭ್ಯಾಸ,” ಎಂದು ಮೇಡಂ ಮೆಚ್ಚಿಕೊಂಡರು.

ಅಷ್ಟರಲ್ಲಿ ಒಳಗಿನಿಂದ ದೆಲ್ಫಿನಾ ಚೀರಿದಳು. ಗರ್ಭದ ನೀರಿನ ಚೀಲ ಒಡೆದಿತ್ತು. ಅಜ್ಜಿ ಮೇಡಂ ಕೈ ಹಿಡಿದುಕೊಂಡಳು. “ಮೇಡಂ, ನಿಮ್ಮ ದಮ್ಮಯ್ಯ, ನಿಮ್ಮ ಲಾಂಚಲ್ಲಿ ಕರ್ಕೊಂಡ್ಹೋಗಿ. ಹೋದ ಸಲ ಇವಳ ಕೂಸು ನನ್ನ ಕೈಯಲ್ಲೇ ತಣ್ಣಗಾಯ್ತು.”

ಮೇಡಂ ಕರುಣೆಯಿಲ್ಲದವರಲ್ಲ. ಆದರೆ ನಿಯಮ ಬಲ್ಲವರು. “ಕೇಂದ್ರದಲ್ಲಿ ದಾಖಲಾದ ರೋಗೀನ ಅಲ್ಲಿನ ವೈದ್ಯರ ಅನುಮತಿ ಇಲ್ದೆ ಹೊರಗೆ ಸಾಗಿಸೋ ಹಾಗಿಲ್ಲ. ಅವರು ಊಟ ಮುಗಿಸಿ ಬರ್ಲಿ.”

ಎಲ್ಲರೂ ಕ್ಯಾಪ್ಟನ್ ಕಡೆ ನೋಡಿದರು. ಕ್ಯಾಪ್ಟನ್ ಆಕಾಶ ನೋಡಿದರು. “ಅವರು ಸ್ವಲ್ಪ ನಿಧಾನವಾಗಿ ತಿಂತಾರೆ,” ಎಂದರು.

“ವೈದ್ಯನೂ ಇಲ್ಲ, ಕೇಂದ್ರಾನೂ ಇಲ್ಲ! ಇದು ನನ್ನ ಮನೆ ಕಣಮ್ಮಾ!”

“ಹಾಗಂದ್ರೆ ಹೇಗಜ್ಜಿ? ಫಲಕದಲ್ಲಿ ಬರೆದಿದೆಯಲ್ಲ,” ಎಂದರು ಮೇಡಂ, ಸಮಾಧಾನವಾಗಿ.

ದೆಲ್ಫಿನಾ ಮತ್ತೆ ಚೀರಿದಳು. ಅಜ್ಜಿ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು, “ರೋಗಿ ಕೇಂದ್ರ ಬಿಟ್ಟು ಹೋಗ್ಬಾರ್ದು, ಅಷ್ಟೇ ತಾನೆ?” ಎಂದಳು.

“ಅಷ್ಟೇ.”

“ಈ ಬಾಗಿಲು ಕೇಂದ್ರದ್ದೇ ತಾನೆ?”

ಮೇಡಂ ಕೆಂಪು ಗುರುತನ್ನು ನೋಡಿದರು. “ನಿಸ್ಸಂದೇಹವಾಗಿ.”

ಬಾಗಿಲು ಕಟ್ಟಿದ್ದ ಬೆತ್ತವನ್ನು ಅಜ್ಜಿ ಮೀನು ಕೊಯ್ಯುವ ಚಾಕುವಿನಿಂದ ಕಚಕಚನೆ ಕೊಯ್ದಳು. ದೆಲ್ಫಿನಾಳನ್ನು ಬಾಗಿಲ ಮೇಲೆ ಮಲಗಿಸಿದರು. ಹೊರುವವರು ಗಂಜಿಯ ಬಟ್ಟಲು ಬಿಟ್ಟು ಹೆಗಲು ಕೊಟ್ಟರು. ರೋಗಿ ಕೇಂದ್ರದ ಮೇಲೆಯೇ ಇದ್ದುದರಿಂದ ಮೇಡಂಗೆ ಆಕ್ಷೇಪಣೆ ಇರಲಿಲ್ಲ. ಪರಿಶೀಲನೆ ಮುಗಿಯದ ಕಾರಣ ಕೇಂದ್ರದ ಜೊತೆಯಲ್ಲೇ ಹೋಗುವುದು ಅವರ ಕರ್ತವ್ಯವೂ ಆಯಿತು. ದಾಖಲೆ ಬರೆಯಲು ನಾನೂ ಹತ್ತಿದೆ. ಲಾಂಚ್ ಹೊರಟಿತು.

ಪಟ್ಟಣದ ಆಸ್ಪತ್ರೆಯಲ್ಲಿ ಹಾಸಿಗೆಗೆ ವರ್ಗಾಯಿಸಿ ಎಂದರು. “ಇಳಿಸಿದ್ರೋ, ಆಮೇಲೆ ವೈದ್ಯರ ಕಾಗದ ಕೇಳ್ತಾರೆ!” ಎಂದು ಅಜ್ಜಿ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡಳು. ವಾದಕ್ಕೆ ಸಮಯವಿರಲಿಲ್ಲ. ಹೆರಿಗೆ ಬಾಗಿಲ ಮೇಲೆಯೇ ಆಯಿತು. ಹೆಣ್ಣು ಮಗು. ಹುಟ್ಟುತ್ತಲೇ ಆಸ್ಪತ್ರೆ ಕಿತ್ತುಹೋಗುವ ಹಾಗೆ ಅತ್ತಿತು. ಅಜ್ಜಿ ನೆಲದ ಮೇಲೆ ಕೂತು ಅತ್ತಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ದಾಖಲೆಗೆ ಸೇರತಕ್ಕ ವಿಷಯವಲ್ಲ.

ದಾಖಲೆಗೆ ಸೇರಿದ್ದು ಇಷ್ಟು: ಕಲುಬಿಹಾನ್ ಆರೋಗ್ಯ ಕೇಂದ್ರದಲ್ಲಿ ಯಶಸ್ವಿ ಹೆರಿಗೆ. ನಮ್ಮದು ಜಿಲ್ಲೆಯ ಅತ್ಯುತ್ತಮ ಕೇಂದ್ರವೆಂದು ಘೋಷಣೆಯಾಯಿತು. ಕ್ಯಾಪ್ಟನ್ ಹಾರ ಹಾಕಿಸಿಕೊಂಡರು. ಮನೆ ಈಗ ಸರ್ಕಾರದ ಆಸ್ತಿಯಾದ್ದರಿಂದ, ಅದರಲ್ಲಿ ವಾಸಿಸಲು ಅನುಕೂಲವಾಗುವಂತೆ ಅಜ್ಜಿಯನ್ನು ಒಳರೋಗಿ ಎಂದು ದಾಖಲಿಸಲಾಗಿದೆ. ವೈದ್ಯರು ಇನ್ನೂ ಊಟ ಮುಗಿಸಿ ಬಾರದ್ದರಿಂದ, ಏಡಿ ಹಿಡಿಯಲು ಹೋಗುವಾಗ ಅವಳು ನನ್ನ ಅನುಮತಿ ಪಡೆಯುತ್ತಾಳೆ. ನಾನು ಇದುವರೆಗೆ ನಿರಾಕರಿಸಿಲ್ಲ.

ದೋಣಿಯ ಬೇಡಿಕೆ ತಿರಸ್ಕೃತವಾಯಿತು. ಇಂಥ ಕೇಂದ್ರವಿರುವ ಊರಿಗೆ ದೋಣಿ ಯಾಕೆ? ಬದಲಿಗೆ ಸೇವೆಯನ್ನು ವಿಸ್ತರಿಸಲು ಸರ್ಕಾರ ಇನ್ನೂ ಆರು ಬಾಗಿಲು ಮಂಜೂರು ಮಾಡಿತು. ಗುತ್ತಿಗೆ ಕ್ಯಾಪ್ಟನ್ ಅವರ ಭಾವಮೈದುನನಿಗೆ ಸಿಕ್ಕಿದ್ದರಿಂದ ಬಾಗಿಲುಗಳು ಸ್ವಲ್ಪ ಗಿಡ್ಡ ಬಂದಿವೆ.

ನಿನ್ನೆ ಎಂಟು ತಿಂಗಳ ಬಸುರಿ ಫ್ಲೋರ್ದೆಲಿಸಾ ಬಂದು, ತನಗೆ ಗೊತ್ತುಮಾಡಿದ ಬಾಗಿಲ ಮೇಲೆ ಮಲಗಿ ಅಳತೆ ನೋಡಿದಳು.

“ಅಜ್ಜಿ, ಕಾಲು ಆಚೆ ಬರ್ತಿದೆ. ನಿಯಮದ ಪ್ರಕಾರ ನಾನು ಅರ್ಧ ಹೊರಗೆ ಹೋದ ಹಾಗಲ್ವಾ?”

ಅಜ್ಜಿ ನನ್ನ ಕಡೆ ನೋಡಿದಳು. ಹೌದು, ಅದು ನಿಯಮಬಾಹಿರ ಎಂದೆ.

“ಮಡಚ್ಕೋ ಮಗಳೇ,” ಎಂದಳು ಅಜ್ಜಿ.

ಅವಳು ಕಾಲು ಮಡಚಿಕೊಂಡಳು.