ಮಾಸ್ಟರ ಮೂರು ಗುಂಡು

ಹೃದಯದ ಆಪರೇಷನ್ ಬಗ್ಗೆ ದರ್ಜಿ ಮಾಸ್ಟರಿಗೆ ದೊಡ್ಡ ತಕರಾರೇನೂ ಇರಲಿಲ್ಲ. ಎದೆಯ ಮೇಲಿನ ಹೊಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ಡಾಕ್ಟರ ಕೈ ನೇರವಾಗಿದೆ ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದರು. (ಇನ್ನೊಬ್ಬರ ಹೊಲಿಗೆಯನ್ನು ಅವರು ಹೊಗಳಿದ್ದು ಅದೇ ಮೊದಲು. ಮಂಪರು ಇನ್ನೂ ಇಳಿದಿರಲಿಲ್ಲ ಎಂಬುದು ಹೆಂಡತಿಯ ಅಂಬೋಣ.) ಅವರ ತಕರಾರೆಲ್ಲ ಆಸ್ಪತ್ರೆಯವರು ಜೊತೆಗೆ ಕೊಟ್ಟು ಕಳಿಸಿದ್ದ ಪ್ಲಾಸ್ಟಿಕ್ ಡಬ್ಬಿಯ ಮೇಲೆ.

ಡಬ್ಬಿಯಲ್ಲಿ ಮೂರು ಕೋಣೆ, ಕೋಣೆಗೊಂದು ಗುಂಡು, ಪಕ್ಕದಲ್ಲೊಂದು ಕೊಳವೆ. ಕೊಳವೆಯನ್ನು ಬಾಯಲ್ಲಿಟ್ಟು ಉಸಿರನ್ನು ಒಳಕ್ಕೆಳೆದರೆ ಗುಂಡುಗಳು ಒಂದೊಂದಾಗಿ ಮೇಲೇಳಬೇಕು. ಶ್ವಾಸಕೋಶದ ಬುಡ ಮುದುಡಿಕೊಂಡಿದೆ, ಮುಂದಿನ ತಪಾಸಣೆಯ ಹೊತ್ತಿಗೆ ಅರಳದಿದ್ದರೆ ಮತ್ತೆ ವಾರ್ಡಿಗೆ ಸೇರಬೇಕಾದೀತು ಎಂದು ಫಿಸಿಯೋಥೆರಪಿಯ ಹುಡುಗಿ ನಯವಾಗಿಯೇ ಹೆದರಿಸಿದ್ದಳು.

ಮಾಸ್ಟರು ಕೊಳವೆಯನ್ನು ಬಾಯಿಗಿಟ್ಟು ಊದಿದರು. ಗುಂಡುಗಳು ಮಿಸುಕಲಿಲ್ಲ.

"ಎಳೀರಿ ಅಂದ್ರೆ ಊದ್ತೀರಲ್ಲ," ಎಂದಳು ಹೆಂಡತಿ.

ತಪ್ಪು ಅವರದಲ್ಲ, ಕಸುಬಿನದು. ಆಯುಷ್ಯವಿಡೀ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದುಡಿದವರು. ಬಾಯಲ್ಲಿ ಏನಾದರೂ ಇದ್ದಾಗ ಉಸಿರನ್ನು ಒಳಗೆಳೆದರೆ ಕಥೆ ಮುಗಿಯಿತು ಎಂದು ಅವರ ಗಂಟಲಿಗೆ ಚೆನ್ನಾಗಿ ಗೊತ್ತು. ಸೂಜಿಯಿಲ್ಲದ ಬರೀ ಗುಂಡಿಗೂ ಅದು ಅದೇ ಮರ್ಯಾದೆ ಕೊಡುತ್ತಿತ್ತು. ಇದರ ಜೊತೆಗೆ ಕೆಮ್ಮು. ಕೆಮ್ಮು ಬಂದಾಗಲೆಲ್ಲ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಮದುವೆಯಾದ ಹೊಸದರಲ್ಲೂ ನನ್ನನ್ನು ಹೀಗೆ ಅವಚಿಕೊಂಡವರಲ್ಲ ಎಂದು ಹೆಂಡತಿ ಗೊಣಗಿದಳು. ಗೊಣಗಿದರೂ ಅವಳಿಗೆ ಒಳಗೊಳಗೇ ದಿಗಿಲು. ಆಪರೇಷನ್ ಕೋಣೆಯ ಹೊರಗಿನ ಆ ಬೆಂಚಿನ ಮೇಲೆ ಮತ್ತೊಮ್ಮೆ ಕೂರುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಮಾಸ್ಟರು ಕೊಳವೆ ಕಚ್ಚಿಕೊಂಡು ಕೂತಿದ್ದಾಗ ಅಡುಗೆಮನೆಯಿಂದ ಅವಳ ದನಿ ತಣ್ಣಗೆ ಬಂತು. "ರೀ, ನಿಮ್ಮ ದೊಡ್ಡ ಕತ್ತರೀಲಿ ರಟ್ಟು ಕತ್ತರಿಸಿದೆ."

ಬಟ್ಟೆ ಬಿಟ್ಟು ಒಂದು ಕಾಗದದ ಚೂರನ್ನೂ ಮುಟ್ಟದ ಕತ್ತರಿ ಅದು. ಮಾಸ್ಟರ ಉಸಿರು ಹೌಹಾರಿ ಒಳನುಗ್ಗಿತು. ಎರಡು ಗುಂಡು ಟಕ್ಕೆಂದು ಮೇಲೇರಿದವು. ಅವಳು ಹೊರಗೆ ಬಂದು, ಒರೆಸಿಟ್ಟಂತಿದ್ದ ಕತ್ತರಿಯನ್ನು ತೋರಿಸಿ ನಕ್ಕಳು.

ಅಲ್ಲಿಂದ ಮನೆಯಲ್ಲಿ ದಿನಕ್ಕೆ ಹತ್ತಾರು ಅನಾಹುತ. ಇಸ್ತ್ರಿಪೆಟ್ಟಿಗೆ ಗಿರಾಕಿಯ ಕೋಟಿನ ಮೇಲೇ ಉಳಿಯಿತು, ಅಳತೆ ಟೇಪು ಒಲೆಗೆ ಬಿತ್ತು, ಹೊಲಿಗೆಮಿಷನ್ ಗುಜರಿಗೆ ಹೋಯಿತು. ಎಲ್ಲವೂ ಶುದ್ಧ ಸುಳ್ಳು. ಎರಡು ಗುಂಡು ಏಳುತ್ತಿದ್ದವು, ಮೂರನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ತಪಾಸಣೆಯ ದಿನವೂ ಅದೇ ಪಾಡು. ಹುಡುಗಿ ಎರಡು ಸಲ ಎಳೆಸಿ ನೋಡಿ, ಸ್ವಲ್ಪ ದಿನ ಇಲ್ಲೇ ಇದ್ದರೆ ಒಳ್ಳೆಯದೇನೋ ಎಂದು ರಾಗ ತೆಗೆದಳು. ಮಾಸ್ಟರ ಮುಖ ಬಿಳಿಚಿತು. ಇನ್ನೊಂದೇ ಸಲ ನೋಡೋಣ ಎಂದು ಹುಡುಗಿಯನ್ನು ಬೇಡಿಕೊಂಡು, ಹೆಂಡತಿ ಅವರ ಕಿವಿಯತ್ತ ಬಾಗಿದಳು.

"ನಾಳೆ ನಾಳೆ ಅಂತ ನಿಮ್ಮ ಅಂಗಡೀಲಿ ಕೊಳೀತಾ ಬಿದ್ದಿತ್ತಲ್ಲ ನನ್ನ ರವಿಕೆ ಬಟ್ಟೆ, ಅದನ್ನ ಎದುರಂಗಡಿಯವರ ಹತ್ರ ಹೊಲಿಸ್ಕೊಂಡೆ. ಈಗ ಹಾಕ್ಕೊಂಡಿರೋದು ಅದೇ."

ಊರಿನವರೆಲ್ಲರ ಅಳತೆ ಬಾಯಿಪಾಠವಿದ್ದರೂ ಹೆಂಡತಿ ಏನು ತೊಟ್ಟಿದ್ದಾಳೆಂದು ಎಂದೂ ನೋಡದ ಮಾಸ್ಟರು ಈಗ ನೋಡಿದರು. ಮೂರನೆಯ ಗುಂಡು ಮೇಲೆ ಹೋಗಿ ಅಂಟಿಕೊಂಡಿತು. ಹುಡುಗಿ ಖುಷಿಯಾಗಿ, ಇನ್ನು ವಾರ್ಡಿನ ಮಾತಿಲ್ಲ, ಮನೆಗೆ ಹೋಗಿ ಎಂದಳು.

ಬೀದಿಗೆ ಬಂದದ್ದೇ ಮಾಸ್ಟರು, "ಇದೂ ಸುಳ್ಳು ತಾನೆ?" ಎಂದು ಕೇಳಿದರು.

"ಜೀವದ ಪ್ರಶ್ನೆ ಅಲ್ವಾ, ಸುಳ್ಳು ಸಾಲ್ತಾ ಇರ್ಲಿಲ್ಲ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಮಾಸ್ಟರು ಬಸ್ ನಿಲ್ದಾಣದವರೆಗೂ ಅವಳ ಭುಜದ ಹೊಲಿಗೆಯಲ್ಲಿ, ತೋಳಿನಲ್ಲಿ ಒಂದು ಸುಕ್ಕಿಗಾಗಿ ಹುಡುಕಿದರು. ಸಿಗಲಿಲ್ಲ. ಹುಡುಕುವ ಭರದಲ್ಲಿ ಸೊಂಟದಿಂದ ಜಾರುತ್ತಿದ್ದ ತಮ್ಮ ಪ್ಯಾಂಟನ್ನು ಎರಡು ಸಲ ಮೇಲೆಳೆದುಕೊಂಡರು. ಆಪರೇಷನ್ ಆದಮೇಲೆ ಅವರು ಅಷ್ಟು ಇಳಿದುಹೋಗಿದ್ದರು. ಮಿಷನ್ ತುಳಿಯಲು ಡಾಕ್ಟರ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

"ಎದುರಂಗಡಿಯವರು ಪ್ಯಾಂಟೂ ಚೆನ್ನಾಗಿ ಹೊಲೀತಾರಂತೆ," ಎಂದಳು ಹೆಂಡತಿ. "ಹೋಗ್ತಾ ನಿಮ್ಮ ಅಳತೆ ಕೊಟ್ಟು ಹೋಗೋಣ."

ಮಾಸ್ಟರ ಉಸಿರು ಈ ಸಲ ಕೊಳವೆಯಿಲ್ಲದೆಯೇ ಒಳನುಗ್ಗಿತು.